‘ಆರ್ಗ್ಯಾನಿಕ್’ ಶಾಂಪೂ: ರಾಗಿಗಿರುವ ಕಾನೂನು ಬಾಟಲಿಗೆ ಏಕಿಲ್ಲ?

ಯಾವುದೇ ಸೂಪರ್ ಮಾರ್ಕೆಟ್ಟಿಗೆ ಹೋಗಿ ನೋಡಿ. ಒಂದು ಕಪಾಟಿನಲ್ಲಿ ಆರ್ಗ್ಯಾನಿಕ್ ರಾಗಿ ಹಿಟ್ಟು, ನಾಲ್ಕು ಹೆಜ್ಜೆ ಆಚೆ ಆರ್ಗ್ಯಾನಿಕ್ ಶಾಂಪೂ. ಎರಡರ ಮೇಲೂ ಹಸಿರು ಎಲೆ, ಎರಡಕ್ಕೂ ಮಾಮೂಲಿಗಿಂತ ಜಾಸ್ತಿ ಬೆಲೆ. ಆದರೆ ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ ಲೋಕದ ವಸ್ತುಗಳು.

ಪ್ಯಾಕ್ ಮಾಡಿದ ರಾಗಿ ಹಿಟ್ಟಿನ ಮೇಲೆ ‘ಆರ್ಗ್ಯಾನಿಕ್’ ಅಂತ ಬರೆಯಬೇಕಾದರೆ 2017ರ ಸಾವಯವ ಆಹಾರ ನಿಯಮಗಳನ್ನು ಪಾಲಿಸಬೇಕು. ಎನ್‌ಪಿಒಪಿ ಅಥವಾ ಪಿಜಿಎಸ್ ವ್ಯವಸ್ಥೆಯಡಿ ಪ್ರಮಾಣಪತ್ರ ಇರಬೇಕು. ‘ಜೈವಿಕ್ ಭಾರತ್’ ಚಿಹ್ನೆ ಇರಬೇಕು. ಶಾಂಪೂ ವಿಷಯದಲ್ಲಿ? ನಮ್ಮಲ್ಲಿ ಸೌಂದರ್ಯವರ್ಧಕಗಳು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಅಡಿ ಬರುತ್ತವೆ. ಆ ನಿಯಮಗಳಲ್ಲಿ ‘ಆರ್ಗ್ಯಾನಿಕ್ ಸೌಂದರ್ಯವರ್ಧಕ’ ಎಂದರೆ ಏನು ಅನ್ನುವ ವ್ಯಾಖ್ಯೆಯೇ ಇಲ್ಲ. ‘ನ್ಯಾಚುರಲ್’, ‘ಕ್ಲೀನ್’ ಪದಗಳ ಕಥೆಯೂ ಅಷ್ಟೇ.

ಹೊಟ್ಟೆಗೆ ಹೋಗುವುದಕ್ಕೆ ಒಂದು ನ್ಯಾಯ, ಚರ್ಮಕ್ಕೆ ಹಚ್ಚುವುದಕ್ಕೆ ಇನ್ನೊಂದು ನ್ಯಾಯ. ಈ ಅಂತರವನ್ನು ತುಂಬುವ ಕೆಲಸವನ್ನು ನಾವು ಜಾಹೀರಾತಿನವರಿಗೆ ಮತ್ತು ರೀಲ್ಸ್ ಮಾಡುವವರಿಗೆ ಬಿಟ್ಟುಕೊಟ್ಟಿದ್ದೇವೆ. ‘ಪರಿಸರಸ್ನೇಹಿ ಉತ್ಪನ್ನ ಆರಿಸಿ’ ಎಂಬ ಉಪದೇಶ ಎಲ್ಲ ಕಡೆ ಇದೆ. ಆರಿಸಲು ಬೇಕಾದ ಮಾಹಿತಿ ಮಾತ್ರ ಎಲ್ಲೂ ಇಲ್ಲ.

ಪದ ದೊಡ್ಡದು, ಅರ್ಥ ಸಣ್ಣದು

ಮೊದಲು ಪ್ರಾಮಾಣಿಕವಾಗಿ ಪ್ರಮಾಣಪತ್ರ ಪಡೆದ ಉತ್ಪನ್ನಗಳನ್ನೇ ನೋಡೋಣ. ಯುರೋಪಿನ ‘ಕಾಸ್ಮೊಸ್’ ಈ ಕ್ಷೇತ್ರದಲ್ಲಿ ಹೆಚ್ಚು ಗೌರವ ಇರುವ ಖಾಸಗಿ ಮಾನದಂಡ. ಅದರ ‘ಆರ್ಗ್ಯಾನಿಕ್’ ಮುದ್ರೆ ಸಿಗಬೇಕಾದರೆ ಹಿಂಡಿ, ಅರೆದು, ಒಣಗಿಸಿ ಬಳಸುವ ಕೃಷಿಮೂಲದ ಪದಾರ್ಥಗಳಲ್ಲಿ ಶೇ 95ರಷ್ಟು ಸಾವಯವ ಆಗಿರಬೇಕು. ಒಟ್ಟು ಉತ್ಪನ್ನದ ಲೆಕ್ಕದಲ್ಲಿ? ಹಚ್ಚಿಕೊಂಡು ಬಿಡುವ ಕ್ರೀಮಿಗೆ ಶೇ 20, ಶಾಂಪೂವಿನಂತೆ ತೊಳೆದುಹಾಕುವುದಕ್ಕೆ ಶೇ 10 ಸಾವಯವ ಇದ್ದರೆ ಸಾಕು. ಇದು ಮೋಸ ಅಲ್ಲ. ಶಾಂಪೂವಿನ ಬಹುಪಾಲು ನೀರು, ನೀರಿಗೆ ಸಾವಯವ ಪ್ರಮಾಣಪತ್ರ ಕೊಡಲು ಬರುವುದಿಲ್ಲ. ಆದರೆ ‘ಆರ್ಗ್ಯಾನಿಕ್ ಶಾಂಪೂ’ ಅಂದ ತಕ್ಷಣ ನಮ್ಮ ತಲೆಯಲ್ಲಿ ಮೂಡುವ ಚಿತ್ರ ಇದಲ್ಲ, ಅಲ್ವಾ? ಕಟ್ಟುನಿಟ್ಟಿನ ಮಾನದಂಡದ್ದೇ ಹೀಗಾದರೆ, ಯಾವ ಮಾನದಂಡವೂ ಇಲ್ಲದ ಎಲೆಯ ಚಿತ್ರದ ಬೆಲೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಇನ್ನು ‘ಕ್ರೂಯೆಲ್ಟಿ ಫ್ರೀ’. ಭಾರತದಲ್ಲಿ ಪ್ರಾಣಿಗಳ ಮೇಲೆ ಸೌಂದರ್ಯವರ್ಧಕಗಳ ಪ್ರಯೋಗವನ್ನು 2014ರಲ್ಲೇ ನಿಷೇಧಿಸಲಾಗಿದೆ. ಹಾಗೆ ಪರೀಕ್ಷಿಸಿದ ವಸ್ತುಗಳ ಆಮದನ್ನೂ ಅದೇ ವರ್ಷ ನಿಲ್ಲಿಸಲಾಯಿತು. ಅಂದರೆ ಮೊಲದ ಚಿತ್ರ ಹಾಕಿಕೊಂಡು ಹೆಚ್ಚು ದುಡ್ಡು ಕೇಳುವ ಅನೇಕ ಕಂಪನಿಗಳು ಕಾನೂನು ಪಾಲಿಸಿದ್ದನ್ನೇ ತಮ್ಮ ಒಳ್ಳೆಯತನ ಎಂದು ಮಾರುತ್ತಿವೆ. ಹೆಲ್ಮೆಟ್ ಹಾಕಿದ್ದಕ್ಕೆ ಸನ್ಮಾನ ಕೇಳಿದ ಹಾಗೆ.

‘ಕೆಮಿಕಲ್ ಫ್ರೀ’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರೂ ಕೆಮಿಕಲ್ಲೇ, ಅರಿಶಿನದ ಕರ್ಕ್ಯುಮಿನ್ನೂ ಕೆಮಿಕಲ್ಲೇ. ಆದರೆ ಈ ಭಯದ ಮಾರಾಟದಿಂದ ನಿಜವಾದ ಹಾನಿ ಆಗಿದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ನೀರಿನ ಅಂಶ ಇರುವ ಯಾವ ಕ್ರೀಮಿಗೂ ಸಂರಕ್ಷಕ ಬೇಕೇಬೇಕು, ಇಲ್ಲದಿದ್ದರೆ ಬೂಷ್ಟು ಬರುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪ್ಯಾರಾಬೆನ್ ಎಂಬ ಹಳೆಯ ಸಂರಕ್ಷಕಗಳ ವಿರುದ್ಧ ಗುಲ್ಲೆದ್ದಾಗ ಹಲವು ಕಂಪನಿಗಳು ‘ಪ್ಯಾರಾಬೆನ್ ಫ್ರೀ’ ಎಂದು ಬರೆದುಕೊಂಡು ಮೀಥೈಲ್ ಐಸೋಥಯಾಜೋಲಿನೋನ್ ಎಂಬ ಇನ್ನೊಂದಕ್ಕೆ ಹೊರಳಿದವು. ಯುರೋಪಿನಲ್ಲಿ ಚರ್ಮದ ಅಲರ್ಜಿ ಯಾವ ಮಟ್ಟಕ್ಕೆ ಏರಿತೆಂದರೆ, ಹಚ್ಚಿಬಿಡುವ ಉತ್ಪನ್ನಗಳಲ್ಲಿ ಅದನ್ನು ಬಳಸುವುದನ್ನೇ ಐರೋಪ್ಯ ಒಕ್ಕೂಟ ನಿಷೇಧಿಸಬೇಕಾಯಿತು. ಇತ್ತ ಪ್ಯಾರಾಬೆನ್‌ಗಳಲ್ಲಿ ಐದನ್ನು ಒಕ್ಕೂಟ ನಿಷೇಧಿಸಿತು, ಮೀಥೈಲ್ ಮತ್ತು ಈಥೈಲ್ ಪ್ಯಾರಾಬೆನ್‌ಗಳನ್ನು ಮಿತಿ ಹಾಕಿ ಉಳಿಸಿಕೊಂಡಿತು. 2019ರಲ್ಲಿ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಪ್ಯಾರಾಬೆನ್‌ಗಳನ್ನು ‘ವರ್ಷದ ಅಲರ್ಜಿಕಾರಕವಲ್ಲದ ವಸ್ತು’ ಎಂದು ಹೆಸರಿಸಿತು. ವಿಜ್ಞಾನ ಹೀಗೆ ಒಂದೊಂದು ಅಣುವನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಮಾರುಕಟ್ಟೆಗೆ ಒಂದೇ ಖಳನಾಯಕ ಬೇಕು, ಒಬ್ಬನೇ ನಾಯಕ ಬೇಕು.

ವಿಷ ಇರುವುದು ಬೇರೆ ಕಪಾಟಿನಲ್ಲಿ

ಈ ಚರ್ಚೆಯಲ್ಲಿ ನನಗೆ ಹೆಚ್ಚು ಕಾಡುವುದು ಇನ್ನೊಂದು ವಿಷಯ. ‘ಆರ್ಗ್ಯಾನಿಕ್’ ಬಾಟಲಿ ಕೊಳ್ಳುವವರು ಸಾಮಾನ್ಯವಾಗಿ ಅಷ್ಟೇನೂ ಅಪಾಯವಿಲ್ಲದ ಎರಡು ಬ್ರ್ಯಾಂಡುಗಳ ನಡುವೆ ಆರಿಸುತ್ತಿರುತ್ತಾರೆ. ನಿಜವಾದ ವಿಷ ಇರುವುದು ಸಂತೆಯಲ್ಲಿ, ಬಸ್ ಸ್ಟ್ಯಾಂಡ್ ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಮಾರಾಟವಾಗುವ, ಯಾವ ವಿಳಾಸವೂ ಇಲ್ಲದ ಬೆಳ್ಳಗಾಗಿಸುವ ಕ್ರೀಮಿನ ಡಬ್ಬಿಯಲ್ಲಿ.

ಪಕ್ಕದ ಕೇರಳದ ಮಲಪ್ಪುರಂನಲ್ಲಿ ಏನಾಯಿತು ನೋಡಿ. ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ಮೂತ್ರಪಿಂಡ ತಜ್ಞರು 2021ರಿಂದ 2023ರ ನಡುವೆ ಮೆಂಬ್ರೇನಸ್ ನೆಫ್ರೋಪಥಿ ಎಂಬ ಕಾಯಿಲೆಯ 22 ಪ್ರಕರಣಗಳನ್ನು ದಾಖಲಿಸಿದರು. ಅವುಗಳಲ್ಲಿ 15 ರೋಗಿಗಳಲ್ಲಿ ಅಪರೂಪದ ಒಂದು ಬಗೆ ಕಂಡಿತು. ಆ 15ರಲ್ಲಿ 13 ಮಂದಿ ಫೇರ್‌ನೆಸ್ ಕ್ರೀಮ್ ಬಳಸಿದ್ದರು. ಶಂಕೆ ಹೋಗಿದ್ದು ಪಾದರಸದ ಮೇಲೆ. ಈ ಅಧ್ಯಯನ ‘ಕಿಡ್ನಿ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ಮೇಲೆ ದಾಳಿ ನಡೆಸಿತು.

ಪಾದರಸ ಚರ್ಮದಲ್ಲಿ ಮೆಲನಿನ್ ಉತ್ಪಾದನೆಯನ್ನು ತಡೆಯುತ್ತದೆ, ಅದಕ್ಕೇ ಬೇಗ ‘ರಿಸಲ್ಟ್’ ಕಾಣುತ್ತದೆ. ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ನಮ್ಮ ನಿಯಮದ ಪ್ರಕಾರ ಕ್ರೀಮಿನಲ್ಲಿ ಉದ್ದೇಶವಿಲ್ಲದೆ ಸೇರಿದ ಪಾದರಸ 1 ಪಿಪಿಎಂ ಮೀರುವಂತಿಲ್ಲ. ಅಂದರೆ ಒಂದು ಕೆಜಿ ಕ್ರೀಮಿನಲ್ಲಿ ಒಂದು ಮಿಲಿಗ್ರಾಂ. ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿದ ಅಕ್ರಮ ಕ್ರೀಮುಗಳಲ್ಲಿ ಇದು ಸಾವಿರಾರು ಪಿಪಿಎಂ ಇದ್ದದ್ದುಂಟು. ಮಿನಮಾಟ ಒಪ್ಪಂದದ ದೇಶಗಳು 2025ರೊಳಗೆ ಪಾದರಸ ಸೇರಿಸಿದ ಸೌಂದರ್ಯವರ್ಧಕಗಳನ್ನು ಪೂರ್ತಿ ನಿಲ್ಲಿಸಬೇಕೆಂದು 2023ರಲ್ಲಿ ನಿರ್ಧರಿಸಿದವು. ಭಾರತವೂ ಆ ಒಪ್ಪಂದದಲ್ಲಿದೆ.

ಆ ಡಬ್ಬಿಗೆ ಕೈ ಹಾಕುವ ಹುಡುಗಿಗೆ ‘ಲೇಬಲ್ ಓದಮ್ಮಾ’ ಅಂತ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಬಣ್ಣದ ಕಾರಣಕ್ಕೆ ಸಂಬಂಧ ತಪ್ಪುವ, ಕೆಲಸ ತಪ್ಪುವ ಸಮಾಜದಲ್ಲಿ ಅವಳು ಖರೀದಿಸುತ್ತಿರುವುದು ಬರೀ ಸೌಂದರ್ಯವನ್ನಲ್ಲ. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಹೆಸರು ‘ಗ್ಲೋ ಅಂಡ್ ಲವ್ಲಿ’ ಆಯಿತು. ನಮ್ಮ ವಧು-ವರ ಜಾಹೀರಾತುಗಳಲ್ಲಿ ‘ಬೆಳ್ಳಗಿನ’ ಅನ್ನುವ ಪದ ಬದಲಾಗಲಿಲ್ಲ.

‘ಹರ್ಬಲ್’ ಹೆಸರಿನ ಕಪ್ಪು ಮೆಹಂದಿಯದೂ ಇದೇ ಸಾಲು. ಗೋರಂಟಿ ಸೊಪ್ಪು ಕೊಡುವುದು ಕೇಸರಿ, ಕೆಂಪು, ಕಂದು ಬಣ್ಣ. ಹಚ್ಚಿದ ಅರ್ಧ ಗಂಟೆಯಲ್ಲಿ ಕಡುಕಪ್ಪು ಬಂತು ಅಂದರೆ ಅದರಲ್ಲಿ ಪಿಪಿಡಿ ಎಂಬ ಡೈ ಇರುವ ಸಾಧ್ಯತೆಯೇ ಹೆಚ್ಚು. ಕೆಲವರಿಗೆ ಅದರಿಂದ ಬೊಬ್ಬೆ ಏಳುತ್ತದೆ, ಗಾಯದ ಗುರುತು ಉಳಿಯುತ್ತದೆ.

‘ನೈಸರ್ಗಿಕ’ ಅಂದರೆ ಯಾರ ಕಾಡಿನಿಂದ, ಯಾರ ಕೈಯಿಂದ?

ಲಿಪ್‌ಸ್ಟಿಕ್, ಐ ಶ್ಯಾಡೋಗಳಲ್ಲಿ ಮಿನುಗು ಕೊಡುವ ಅಭ್ರಕ ನೂರಕ್ಕೆ ನೂರು ನೈಸರ್ಗಿಕ ಖನಿಜ. ಅದರ ಒಂದು ಮುಖ್ಯ ಮೂಲ ಜಾರ್ಖಂಡದ ಕೋಡರ್ಮಾ, ಗಿರಿಡೀಹ್ ಸುತ್ತಲಿನ ಅಕ್ರಮ ಗಣಿಗಳು. ಮುಚ್ಚಿಹೋದ ಗಣಿಗಳ ಇಲಿಬಿಲದಂಥ ಗುಂಡಿಗಳಲ್ಲಿ ಮಕ್ಕಳು ಇಳಿದು ಚೂರು ಆರಿಸುತ್ತಾರೆ. ಅಲ್ಲಿ ಸತ್ತ ಮಕ್ಕಳ ವಿಚಾರವನ್ನು ಮುಚ್ಚಿಡುವುದನ್ನು 2016ರಲ್ಲಿ ರಾಯಿಟರ್ಸ್ ಬಯಲಿಗೆಳೆಯಿತು. ಪ್ರಯೋಗಾಲಯದಲ್ಲಿ ತಯಾರಾಗುವ ಕೃತಕ ಅಭ್ರಕದಲ್ಲಿ ಈ ಮಕ್ಕಳ ಬೆವರಿಲ್ಲ. ಈಗ ಹೇಳಿ, ಯಾವುದು ‘ಕ್ಲೀನ್’?

ನಮ್ಮ ಹೆಮ್ಮೆಯ ಶ್ರೀಗಂಧವನ್ನೇ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅದು ಅಪಾಯಕ್ಕೆ ಸಿಲುಕಬಹುದಾದ ಪ್ರಭೇದ. ಬೇರೆ ಗಿಡಗಳ ಬೇರಿಗೆ ಅಂಟಿ ಬದುಕುವ ಮರ, ಎಣ್ಣೆ ಕೊಡುವ ತಿರುಳು ಕಟ್ಟಲು ಹದಿನೈದಿಪ್ಪತ್ತು ವರ್ಷ ಬೇಕು. ರೈತನ ಹಿತ್ತಲಲ್ಲಿ ಬೆಳೆದರೂ ಮರ ಸರ್ಕಾರದ್ದು ಎಂಬ ಕಾನೂನು ಕರ್ನಾಟಕದಲ್ಲಿ ಬದಲಾಗಿದ್ದು 2001ರಲ್ಲಿ. 1916ರಿಂದ ಗಂಧದ ಸೋಪಿನ ಪರಂಪರೆ ಇರುವ ನಮ್ಮ ಸರ್ಕಾರಿ ಕಾರ್ಖಾನೆ ಇಂದು ಗಂಧದ ಮರಕ್ಕಾಗಿ ಕೇರಳದ ಮರಯೂರಿನ ಹರಾಜಿಗೆ ಹೋಗುತ್ತದೆ. ದೇಶದ ಪ್ರತಿ ಸೋಪಿಗೂ ‘ಅಪ್ಪಟ ನೈಸರ್ಗಿಕ’ ಗಂಧವೇ ಬೇಕೆಂದು ಹಟ ಹಿಡಿದರೆ ಕಾಡಿನಲ್ಲಿ ಉಳಿದಿರುವ ಮರಗಳೂ ಉಳಿಯುವುದಿಲ್ಲ. ಕೃತಕ ಪರಿಮಳ ಕೆಲವೊಮ್ಮೆ ಹೆಚ್ಚು ಪರಿಸರಸ್ನೇಹಿ. ಕೇಳಲು ವಿಚಿತ್ರ, ಆದರೆ ನಿಜ.

ಇದರರ್ಥ ಕಾಡಿನ ಉತ್ಪನ್ನ ಮುಟ್ಟಲೇಬಾರದು ಅಂತಲ್ಲ. ಬಿಳಿಗಿರಿರಂಗನಬೆಟ್ಟದ ಸೋಲಿಗರು ತಲೆಮಾರುಗಳಿಂದ ಸೀಗೆಕಾಯಿ, ಅಂಟುವಾಳ, ನೆಲ್ಲಿ, ಜೇನು ಸಂಗ್ರಹಿಸುತ್ತಾ ಬಂದವರು. ವನ್ಯಜೀವಿ ಕಾನೂನಿನ ಹೆಸರಲ್ಲಿ ಅದಕ್ಕೆ ತಡೆ ಬಿದ್ದಿತ್ತು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಕಾಡನ್ನು ಕಾಯುತ್ತಲೇ ಅದರಿಂದ ಬದುಕುವುದು ಹೇಗೆ ಅಂತ ಗೊತ್ತಿರುವ ಜನ ಅವರು. ಬಾಟಲಿಯ ಮೇಲೆ ಸೀಗೆಕಾಯಿಯ ಚೆಂದದ ಚಿತ್ರ ಇರುತ್ತದೆ. ಅದನ್ನು ಆರಿಸಿದ ಕೈಗೆ ಎಷ್ಟು ದರ ಸಿಕ್ಕಿತು ಎಂದು ಹೇಳಬೇಕಾದ ಜವಾಬ್ದಾರಿ ಯಾವ ಕಂಪನಿಗೂ ಇಲ್ಲ. ನನ್ನ ಪ್ರಕಾರ ‘ಪರಿಸರಸ್ನೇಹಿ’ ಪದಕ್ಕೆ ಇರಬೇಕಾದ ಮೊದಲ ಪರೀಕ್ಷೆ ಇದೇ.

ಮಾರ್ಗಸೂಚಿ ಬಂತು, ಕಿಂಡಿಯೂ ಬಂತು

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ‘ಗ್ರೀನ್‌ವಾಷಿಂಗ್’ ತಡೆಗೆ ಮಾರ್ಗಸೂಚಿ ಹೊರಡಿಸಿತು. ‘ಕ್ಲೀನ್’, ‘ಗ್ರೀನ್’, ‘ಆರ್ಗ್ಯಾನಿಕ್’, ‘ನ್ಯಾಚುರಲ್’, ‘ಇಕೋ ಫ್ರೆಂಡ್ಲಿ’ ಥರದ ಪದಗಳನ್ನು ಸುಮ್ಮನೆ ಬಳಸುವಂತಿಲ್ಲ, ವಿವರಣೆ ಬೇಕು, ಪುರಾವೆ ಬೇಕು ಎಂದು ಅದು ಹೇಳುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಒಳ್ಳೆಯ ಹೆಜ್ಜೆ, ಅನುಮಾನವಿಲ್ಲ.

ಆದರೆ ಗ್ರೀನ್‌ವಾಷಿಂಗ್‌ನ ವ್ಯಾಖ್ಯೆಯಲ್ಲೇ ಒಂದು ವಿನಾಯಿತಿ ಇದೆ. ಎದ್ದು ಕಾಣುವ ಉತ್ಪ್ರೇಕ್ಷೆ, ಸಾಮಾನ್ಯ ಬಣ್ಣ ಮತ್ತು ಚಿತ್ರಗಳು ಮೋಸದ ಮಟ್ಟಕ್ಕೆ ಹೋಗದಿದ್ದರೆ ಗ್ರೀನ್‌ವಾಷಿಂಗ್ ಅಲ್ಲ. ಅಂದರೆ ‘ಆರ್ಗ್ಯಾನಿಕ್’ ಪದ ತೆಗೆದು ಬರೀ ಹಸಿರು ಬಾಟಲಿ, ಎಲೆ, ಇಬ್ಬನಿ ಹಾಕಿದರೆ ಬಹುಪಾಲು ಬಚಾವ್. ಗ್ರಾಹಕರು ನೋಡುವುದು ಮೊದಲು ಚಿತ್ರವನ್ನೇ ಅಲ್ಲವೇ? ವಿವರವನ್ನು ಕ್ಯೂಆರ್ ಕೋಡಿನ ಹಿಂದೆ ಇಡುವುದಕ್ಕೂ ಅವಕಾಶ ಇದೆ. ಕಿರಾಣಿ ಅಂಗಡಿಯಲ್ಲಿ ಎರಡು ರೂಪಾಯಿಯ ಸ್ಯಾಶೆ ಕೊಳ್ಳುವಾಗ ಯಾರು ಸ್ಕ್ಯಾನ್ ಮಾಡುತ್ತಾರೆ?

ಭಾಷೆಯದ್ದು ಇನ್ನೊಂದು ಗೋಡೆ. ಪೊಟ್ಟಣ ವಸ್ತುಗಳ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಹೇರ್ ಡೈ ಥರದ ಕೆಲವು ಉತ್ಪನ್ನಗಳ ಎಚ್ಚರಿಕೆಗಷ್ಟೇ ಸ್ಥಳೀಯ ಭಾಷೆಯ ಅಗತ್ಯ. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇಲ್ಲಿ ತಯಾರಾಗುವ ಉತ್ಪನ್ನಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಲಿ ಎನ್ನುತ್ತದೆ. ಹೆಸರು ಕನ್ನಡದಲ್ಲಿದ್ದು ಒಳಗಿರುವ ಪದಾರ್ಥಗಳ ಎಚ್ಚರಿಕೆ ಇಂಗ್ಲಿಷಿನಲ್ಲಿದ್ದರೆ ಕನ್ನಡ ಉಳಿಯಬಹುದು, ಕನ್ನಡಿಗರ ಚರ್ಮ ಉಳಿಯಲ್ಲ.

ಕೊಳ್ಳುವವರು ಎಷ್ಟು ಮಾಡಬಹುದು, ಸರ್ಕಾರ ಏನು ಮಾಡಬೇಕು

ನಮ್ಮ ಕೈಯಲ್ಲಿರುವುದು ಸ್ವಲ್ಪವೇ, ಆದರೂ ಇದೆ. ಮುಂದಿನ ಎಲೆ ಬಿಟ್ಟು ಹಿಂದಿನ ಪಟ್ಟಿ ನೋಡಿ. ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂದು ನಿಯಮ ಇದೆ. ಮುಂದೆ ದೊಡ್ಡದಾಗಿ ಕಾಣುವ ಲೋಳೆಸರ ಹಿಂದಿನ ಪಟ್ಟಿಯ ಕೊನೆಯಲ್ಲಿದ್ದರೆ ಅರ್ಥ ಸ್ಪಷ್ಟ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಇಲ್ಲದ ಕ್ರೀಮು ಎಷ್ಟೇ ಅಗ್ಗವಾಗಿರಲಿ, ಯಾರೇ ಹೇಳಲಿ, ಬೇಡ. ಒಂದು ವಾರದಲ್ಲಿ ಬಿಳುಪು ಅನ್ನುವುದನ್ನು ಮುಟ್ಟಲೇಬೇಡಿ. ಸೂಕ್ಷ್ಮ ಚರ್ಮದವರಿಗೆ ಸುಗಂಧ ಇಲ್ಲದ್ದು ಒಳ್ಳೆಯದು, ಸುಗಂಧ ತೈಲಗಳಲ್ಲಿರುವ ನೈಸರ್ಗಿಕ ಲಿನಲೂಲ್, ಲಿಮೊನೀನ್ ಕೂಡ ಅಲರ್ಜಿ ತರಬಲ್ಲವು. ಸುಳ್ಳು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಎಲ್ಲಕ್ಕಿಂತ ಪರಿಸರಸ್ನೇಹಿ ಉತ್ಪನ್ನ ಅಂದರೆ ನೀವು ಕೊಳ್ಳದೇ ಬಿಟ್ಟಿದ್ದು. ಹತ್ತು ಬಾಟಲಿಯ ‘ಸ್ಕಿನ್‌ಕೇರ್ ರೊಟೀನ್’ ಪೂರ್ತಿ ಸಾವಯವ ಆದರೂ ಹತ್ತು ಪ್ಲಾಸ್ಟಿಕ್ ಬಾಟಲಿಗಳೇ.

ಆದರೆ ಇದನ್ನು ಗ್ರಾಹಕರ ಮನೆಪಾಠ ಮಾಡಿ ಮುಗಿಸಬಾರದು. 2024ರ ಮಾರ್ಚ್‌ನಲ್ಲಿ ನಮ್ಮ ಆರೋಗ್ಯ ಇಲಾಖೆ ಬಾಂಬೆ ಮಿಠಾಯಿ, ಗೋಬಿ ಮಂಚೂರಿ ಮಾದರಿಗಳನ್ನು ಲ್ಯಾಬಿಗೆ ಕಳಿಸಿತು. ರೋಡಮೈನ್-ಬಿ ಸಿಕ್ಕಿತು, ಕೃತಕ ಬಣ್ಣ ನಿಷೇಧವಾಯಿತು, ಊರೂರಿನ ಗೋಬಿ ಗಾಡಿಗಳಿಗೆ ವಿಷಯ ಮುಟ್ಟಿತು. ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಅದೇ ಕೆಲಸ ಸಂತೆಯ ಕ್ರೀಮು, ಕಪ್ಪು ಮೆಹಂದಿ, ಕಾಡಿಗೆಗಳ ಮೇಲೆ ಆಗಲಿ. ಪಾದರಸ, ಸೀಸ ಪರೀಕ್ಷಿಸಿ ಫಲಿತಾಂಶವನ್ನು ಬ್ಯಾಚ್ ಸಂಖ್ಯೆ ಸಮೇತ ಕನ್ನಡದಲ್ಲಿ ಪ್ರಕಟಿಸಲಿ. ‘ಆರ್ಗ್ಯಾನಿಕ್’ ಪದಕ್ಕೆ ಆಹಾರಕ್ಕಿರುವಂತೆ ಶಾಸನಬದ್ಧ ಅರ್ಥ ಕೊಡಿ, ಶೇಕಡಾವಾರು ಪ್ರಮಾಣ ಮುಂದಿನ ಲೇಬಲ್ಲಿನಲ್ಲೇ ಬರಲಿ ಎಂದು ಕೇಂದ್ರದ ಮೇಲೆ ಒತ್ತಡ ತರಲಿ.

ರಾಗಿಗೆ ಸಾಧ್ಯವಾಗಿದ್ದು ಶಾಂಪೂವಿಗೆ ಸಾಧ್ಯವಿಲ್ಲ ಅನ್ನಲು ಯಾವ ತಾಂತ್ರಿಕ ಕಾರಣವೂ ಇಲ್ಲ. ಇಷ್ಟು ದಿನ ಕೇಳುವವರಿರಲಿಲ್ಲ, ಅಷ್ಟೇ.