ಸಂಬಳ ಬಂತು, ಕೈಗೆ ಬರಲಿಲ್ಲ

ಒಂದನೇ ತಾರೀಖು ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಫೋನು ಟಿಂಗ್ ಅಂತು. 46,300 ರೂಪಾಯಿ ಜಮೆ. ಆಫೀಸಿನ ಕೆಳಗಿರೋ ದರ್ಶಿನಿಗೆ ಇಳಿದೆ. ಸಂಬಳದ ದಿನ ಮಾತ್ರ ನನ್ನ ಇಡ್ಲಿ ಜೊತೆ ವಡೆ ಸೇರುತ್ತೆ, ಅದು ನಾನೇ ಮಾಡ್ಕೊಂಡ ನಿಯಮ. ಸ್ಕ್ಯಾನ್ ಮಾಡಿ ಪಿನ್ ಹಾಕಿದೆ. ಕೌಂಟರಿನ ಸೌಂಡ್ ಬಾಕ್ಸ್ ಮಾತಾಡಲಿಲ್ಲ. ಇನ್ನೊಂದ್ಸಲ ಹಾಕಿದೆ. ಸಾಕಷ್ಟು ಹಣವಿಲ್ಲ ಅಂತ ಸ್ಕ್ರೀನಿನಲ್ಲಿ ಬಂತು. ಹಿಂದೆ ಎಂಟು ಜನ ಕ್ಯೂ. "ಮೇಡಂ, ಸ್ವಲ್ಪ ಸೈಡಿಗೆ" ಅಂದ ಬಿಲ್ಲಿನವನು.

ಸೈಡಿಗೆ ನಿಂತು ಬ್ಯಾಂಕ್ ಆ್ಯಪ್ ತೆಗೆದೆ. ಒಟ್ಟು ಬ್ಯಾಲೆನ್ಸ್ 46,712. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಬಳಸಬಹುದಾದ ಬ್ಯಾಲೆನ್ಸ್ ಮೈನಸ್ 65,288. ನಾನು ಇಷ್ಟು ವರ್ಷ ಆ ಎರಡನೇ ಸಾಲನ್ನು ಓದಿದವಳೇ ಅಲ್ಲ. ಅಷ್ಟರಲ್ಲಿ ಎರಡನೇ ಮೆಸೇಜ್ ಬಂತು: ಕ್ರೆಡಿಟ್ ಕಾರ್ಡಿನ ಬಾಕಿಗಾಗಿ ನಿಮ್ಮ ಖಾತೆಯಲ್ಲಿ 1,12,000 ರೂಪಾಯಿಗೆ ಲೀನ್ ಹಾಕಲಾಗಿದೆ. ದುಡ್ಡು ನನ್ನ ಹೆಸರಲ್ಲೇ ಇದೆ, ಕಣ್ಣಿಗೂ ಕಾಣ್ತಿದೆ, ಆದ್ರೆ ಮುಟ್ಟೋ ಹಾಗಿಲ್ಲ.

ಬಾಕಿ ಸುಳ್ಳಲ್ಲ. ಹಿಂದಿನ ವರ್ಷ ನಮ್ಮ ಇಡೀ ಟೀಮನ್ನು ತೆಗೆದ್ರು. ಮೂರು ತಿಂಗಳು ಕೆಲಸವಿಲ್ಲ, ಆ ಮಧ್ಯೆ ಅಪ್ಪನ ಹೃದಯಕ್ಕೆ ಸ್ಟೆಂಟ್. ಆಸ್ಪತ್ರೆ ಬಿಲ್ಲಿನ ಅರ್ಧ ಕಾರ್ಡಿನ ಮೇಲೆ ಉಜ್ಜಿದೆ. ಮಿನಿಮಮ್ ಡ್ಯೂ ಕಟ್ತಾ ಕಟ್ತಾ ಒಂದಿನ ಅದೂ ನಿಂತಿತು. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಅಂದ್ರೆ ಕೇಳೋಕೆ ಸಣ್ಣದು, ವರ್ಷಕ್ಕೆ 42. ಹೊಸ ಕೆಲಸ ಸಿಕ್ಕಿದ ಮೇಲೂ ರಿಕವರಿಯವರ ಫೋನು ಎತ್ತಲಿಲ್ಲ. ನಾಲ್ಕು ತಿಂಗಳು ಎತ್ತಲಿಲ್ಲ ಕಣ್ರೀ. ಎತ್ತಿದ್ರೆ ಏನಾದ್ರೂ ಹೇಳಬೇಕಾಗುತ್ತಲ್ಲ ಅಂತ.

ಆ ಸಂಜೆ ಎಂದಿನಂತೆ ಅಮ್ಮನ ಫೋನ್. "ಸಂಬಳ ಬಂತೇನೇ?" "ಬಂತಮ್ಮ" ಅಂದೆ. ಅದೂ ಸುಳ್ಳಲ್ಲ.

ಮಾರನೇ ದಿನ ಬ್ರಾಂಚಿಗೆ ಹೋದೆ. ಅಲ್ಲಿದ್ದ ಆಫೀಸರ್ ಒಳ್ಳೆಯವರೇ, ಕೂರಿಸಿ ನೀರು ಕೊಟ್ರು. "ನಾವು ಹಾಕಿದ್ದಲ್ಲ ಮೇಡಂ, ಕಾರ್ಡ್ ವಿಭಾಗದವರು ಹಾಕಿರೋದು. ನೀವು ಸೈನ್ ಮಾಡಿದ ಷರತ್ತಿನಲ್ಲೇ ಇದೆ." ಮನೆಗೆ ಬಂದು ಆ ಷರತ್ತುಗಳನ್ನು ಮೊದಲ ಸಲ ಓದಿದೆ. ಇತ್ತು. ಅದಕ್ಕೆ ಸೆಟ್-ಆಫ್ ಹಕ್ಕು ಅಂತಾರೆ. ಊರಲ್ಲಿ ಕಿರಾಣಿ ಅಂಗಡಿಯವನು ಹಳೇ ಬಾಕಿ ಮುರ್ಕೊಂಡು ಉಳಿದ ಚಿಲ್ಲರೆ ಕೊಡ್ತಿದ್ನಲ್ಲ, ಅದೇ. ಬ್ಯಾಂಕಿಗೆ ಇರುವ ಲೀನ್ ಹಕ್ಕಿನ ಬೇರು 1872ರ ಭಾರತೀಯ ಕರಾರು ಕಾಯಿದೆಯ 171ನೇ ಕಲಂನಲ್ಲಿದೆ, ಮಿಕ್ಕಿದ್ದನ್ನು ನಮ್ಮ ಸಹಿಯೇ ಕೊಟ್ಟಿರುತ್ತೆ. ಸಂಬಳದ ಖಾತೆಯೂ ಅದೇ ಬ್ಯಾಂಕು, ಕಾರ್ಡೂ ಅದೇ ಬ್ಯಾಂಕು. ಕೆಲಸಕ್ಕೆ ಸೇರಿದ ದಿನ ಖಾತೆಯ ಕಿಟ್ ಜೊತೆ "ಲೈಫ್‌ಟೈಮ್ ಫ್ರೀ" ಅಂತ ಕಾರ್ಡನ್ನೂ ಕೊಟ್ಟಿದ್ರು. ಬೀಗ, ಕೀಲಿ ಎರಡೂ ಒಬ್ಬರ ಕೈಲಿ.

ನನಗೆ ಬೇಜಾರಾಗಿದ್ದು ಇನ್ನೊಂದು ವಿಷಯಕ್ಕೆ. ಸಾಲಗಾರರು ಕೋರ್ಟಿಗೆ ಹೋಗಿ ಡಿಕ್ರಿ ತಂದು ಸಂಬಳ ಜಪ್ತಿ ಮಾಡಿಸಿದ್ರೂ ಪೂರ್ತಿ ತಗೊಳ್ಳೋ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಮೊದಲ 1,000 ರೂಪಾಯಿ, ಮಿಕ್ಕಿದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಮಾತ್ರ ಲೆಕ್ಕ ಬೇರೆ. ನನ್ನ 46,300ಕ್ಕೆ ಲೆಕ್ಕ ಹಾಕಿದೆ: 31,200 ನನಗೆ ಉಳೀಬೇಕು, 15,100 ಅವರಿಗೆ. ಆದರೆ ಅದು ಕೋರ್ಟಿನ ಜಪ್ತಿಗೆ ಇರುವ ಮಿತಿ. ಬ್ಯಾಂಕು ತನ್ನದೇ ಕರಾರಿನ ಮೇಲೆ ತನ್ನದೇ ಖಾತೆಯಲ್ಲಿ ಹಿಡಿದಾಗ ಆ ಗೆರೆಯನ್ನು ಯಾರೂ ಎಳೆಯಲ್ಲ. ಜಡ್ಜ್ ಮುಂದೆ ಹೋಗಿದ್ರೆ ಬಾಡಿಗೆಗಾದ್ರೂ ಉಳೀತಿತ್ತು ಅನ್ನೋದು ವಿಚಿತ್ರ ಅಲ್ವಾ?

ಮೂರನೇ ದಿನ ಎಚ್‌ಆರ್ ಹತ್ತಿರ ಹೋದೆ. ಹೇಳೋಕೆ ಅರ್ಧ ಗಂಟೆ ಬೇಕಾಯ್ತು, ನಾಚಿಕೆಗೆ. ಜಮೆಯಾದ ಹಣವನ್ನು ವಾಪಸ್ ಎಳೆಯೋಕೆ ಅವರಿಂದಾಗಲ್ಲ. ಮುಂದಿನ ತಿಂಗಳದ್ದಾದ್ರೂ ಕ್ಯಾಶ್ ಕೊಡಿ ಅಂದೆ. ಕಾನೂನಿನಲ್ಲಿ ಸಂಬಳವನ್ನು ನೋಟಲ್ಲೂ ಕೊಡಬಹುದು, ಚೆಕ್‌ನಲ್ಲೂ ಕೊಡಬಹುದು, ಖಾತೆಗೂ ಹಾಕಬಹುದು. ಆದ್ರೆ ಒಬ್ಬರಿಗೆ ದಿನಕ್ಕೆ 10,000ಕ್ಕಿಂತ ಹೆಚ್ಚು ನಗದು ಕೊಟ್ರೆ ಕಂಪನಿಗೆ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಅಂತ ತೋರಿಸೋಕೆ ಆಗಲ್ಲ, ಹಾಗಾಗಿ ಯಾವ ಅಕೌಂಟೆಂಟೂ ಒಪ್ಪಲ್ಲ. ಸರಿ, ಚೆಕ್? ಕೊಡ್ತೀವಿ, ಆದ್ರೆ ಎರಡು ಗೆರೆ ಎಳೆದು ಅಕೌಂಟ್ ಪೇಯಿ ಅಂತ ಬರೆದು. ಆ ಚೆಕ್ ಕೌಂಟರಿನಲ್ಲಿ ನಗದಾಗಲ್ಲ, ಗೆಳತಿಯ ಹೆಸರಿಗೆ ಬರೆದುಕೊಡೋಕೂ ಆಗಲ್ಲ. ನನ್ನ ಹೆಸರಿನ ಖಾತೆಯಲ್ಲೇ ಬೀಳಬೇಕು. ಅಮ್ಮನ ಖಾತೆಗೆ ಹಾಕ್ತೀರಾ ಅಂದಿದ್ದಕ್ಕೆ ಎಚ್‌ಆರ್ ಹುಡುಗಿ ನಕ್ಕಳು. "ಬೇರೆ ಬ್ಯಾಂಕಲ್ಲಿ ನಿಮ್ಮದೇ ಖಾತೆ ಇಲ್ವಾ? 20ನೇ ತಾರೀಖಿನೊಳಗೆ ನಂಬರ್ ಕೊಡಿ, ಬದಲಾಯಿಸ್ತೀನಿ. ಇಂಥವು ತಿಂಗಳಿಗೆ ಒಂದೆರಡು ಬರುತ್ತೆ." ಕೊನೇ ವಾಕ್ಯ ಕೇಳಿ ಎದೆ ಹಗುರಾಯ್ತು.

ಇತ್ತು, ಇನ್ನೊಂದು ಖಾತೆ. ತಿಪಟೂರಿನಲ್ಲಿ ಕಾಲೇಜು ಓದುವಾಗ ಸ್ಕಾಲರ್‌ಶಿಪ್‌ಗೆ ಅಂತ ಅಪ್ಪ ಮಾಡಿಸಿದ್ದು. ಎರಡು ವರ್ಷಕ್ಕಿಂತ ಹೆಚ್ಚು ವಹಿವಾಟಿಲ್ಲದ ಖಾತೆ ನಿಷ್ಕ್ರಿಯ ಆಗುತ್ತೆ, ಅದಂತೂ ಆರು ವರ್ಷದಿಂದ ಮಲಗಿತ್ತು. ತಿಪಟೂರಿಗೇ ಹೋಗಬೇಕೇನೋ ಅಂದ್ಕೊಂಡಿದ್ದೆ. ಬೇಕಿರಲಿಲ್ಲ, ಅದೇ ಬ್ಯಾಂಕಿನ ಯಾವ ಬ್ರಾಂಚಿನಲ್ಲಾದ್ರೂ ಕೆವೈಸಿ ಕೊಟ್ಟು ಎಬ್ಬಿಸಬಹುದು, ಅದಕ್ಕೆ ಫೀ ತಗೊಳ್ಳೋ ಹಾಗಿಲ್ಲ. ಆಧಾರ್, ಪ್ಯಾನ್ ಹಿಡ್ಕೊಂಡು ಜಯನಗರದಲ್ಲಿ ಮುಗಿಸಿದೆ. ಅಂಥ ಖಾತೆಯೂ ಇಲ್ಲದವರು ಇನ್ನೊಂದು ಬ್ಯಾಂಕಿನಲ್ಲಿ ಝೀರೋ ಬ್ಯಾಲೆನ್ಸಿನ ಬೇಸಿಕ್ ಉಳಿತಾಯ ಖಾತೆ ತೆಗೀಬಹುದು, ಅಂಚೆ ಕಚೇರಿಯಲ್ಲಿ 500 ರೂಪಾಯಿಗೆ ತೆಗೀಬಹುದು. ಸಾಲ ಕೊಟ್ಟ ಬ್ಯಾಂಕಿನ ಸೆಟ್-ಆಫ್ ಹಕ್ಕು ಅದರದೇ ಖಾತೆಗಳ ತನಕ. ಬೇರೆ ಬ್ಯಾಂಕಿನೊಳಗೆ ಕೈ ಹಾಕಬೇಕಾದ್ರೆ ಕೋರ್ಟೋ ಮಧ್ಯಸ್ಥಿಕೆಯೋ, ಒಂದು ಆದೇಶ ಬೇಕು. (ಸೈಬರ್ ಅಪರಾಧದ ದೂರಿನಿಂದ ಪೊಲೀಸರು ಖಾತೆ ಫ್ರೀಜ್ ಮಾಡಿಸೋದು ಪೂರಾ ಬೇರೆ ಕಥೆ, ಅದನ್ನು ಇದರ ಜೊತೆ ಕಲಸಬೇಡಿ.)

ಮುಂದಿನ ತಿಂಗಳಿಗೇನೋ ದಾರಿಯಾಯ್ತು. ಈ ತಿಂಗಳು? ಐದಕ್ಕೆ ಬಾಡಿಗೆ 14,000. ಅಪ್ಪನ ಮಾತ್ರೆ. ನಾಲ್ಕರ ರಾತ್ರಿ ಒಂದು ಇನ್‌ಸ್ಟಂಟ್ ಲೋನ್ ಆ್ಯಪ್ ಇಳಿಸ್ಕೊಂಡೆ. ಅದು ಮೊದಲು ಕೇಳಿದ್ದೇ ನನ್ನ ಕಾಂಟ್ಯಾಕ್ಟ್ ಲಿಸ್ಟು. ಸಾಲದ ಆ್ಯಪ್‌ಗಳು ಅದನ್ನು ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ 2022ರಿಂದಲೇ ಇದೆ. ಆ ಪಟ್ಟಿಯಲ್ಲಿ ಅಮ್ಮ ಇದ್ದಾಳೆ, ನಮ್ಮ ಮೇಷ್ಟ್ರು ಇದ್ದಾರೆ. ಡಿಲೀಟ್ ಮಾಡಿ, ಕೆಳಗಿಳಿದು ಮನೆ ಓನರ್ ಆಂಟಿಗೆ ಇದ್ದದ್ದು ಇದ್ದ ಹಾಗೇ ಹೇಳಿದೆ. "ಹದಿನೈದರ ತನಕ ನೋಡ್ತೀನಿ" ಅಂದ್ರು, ಮುಖ ಸ್ವಲ್ಪ ಗಂಟಿಕ್ಕಿಕೊಂಡೇ. ಪಕ್ಕದ ಸೀಟಿನವಳು 5,000 ನೋಟಲ್ಲಿ ಕೊಟ್ಟಳು.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಪತ್ರ ಬರೆದೆ. ಬಾಕಿ ಒಪ್ಪಿಕೊಂಡೆ, ಸಂಬಳದ ಚೀಟಿ, ಬಾಡಿಗೆ ಕರಾರು, ಔಷಧಿ ಬಿಲ್ಲು ಲಗತ್ತಿಸಿದೆ. ಈ ಸಂಬಳದಿಂದ 15,000 ತಗೊಳ್ಳಿ, ಮಿಕ್ಕಿದ್ದು ಬಿಡಿ, ಉಳಿದ ಬಾಕಿಯನ್ನು ಕಂತು ಮಾಡಿಕೊಡಿ ಅಂತ. 15,000 ಅನ್ನೋ ಅಂಕಿ ಎಲ್ಲಿಂದ ಬಂತು ಅಂತ ನಿಮಗೀಗ ಗೊತ್ತು. ಬ್ರಾಂಚಿನಲ್ಲಿ ಒಂದು ಪ್ರತಿಗೆ ಸೀಲು ಹಾಕಿಸ್ಕೊಂಡೆ, ಕಾರ್ಡ್ ವಿಭಾಗಕ್ಕೆ ಇಮೇಲ್ ಕಳಿಸಿ ದೂರಿನ ನಂಬರ್ ತಗೊಂಡೆ. ಮೂವತ್ತು ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಬಂದ ಉತ್ತರ ಸರಿ ಅನಿಸದಿದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಪುಕ್ಕಟೆಯಾಗಿ ದೂರು ಕೊಡಬಹುದು, ವಿಚಾರಿಸೋಕೆ 14448. ಅದನ್ನೂ ಪತ್ರದಲ್ಲಿ ಮೆತ್ತಗೆ ಬರೆದೆ. ಈ ಸಲ ಫೋನುಗಳನ್ನೂ ಎತ್ತಿದೆ. ಬೆಳಿಗ್ಗೆ ಎಂಟಕ್ಕೆ ಮುಂಚೆ, ರಾತ್ರಿ ಏಳರ ನಂತರ ವಸೂಲಿಗೆ ಫೋನ್ ಮಾಡೋ ಹಾಗಿಲ್ಲ, ಏಳೂವರೆಗೆ ಬಂದ ಒಂದು ಕರೆಯಲ್ಲಿ ಅದನ್ನು ಹೇಳಿದ್ದಕ್ಕೆ ಆ ಹುಡುಗ "ಸಾರಿ ಮೇಡಂ" ಅಂದು ಇಟ್ಟ. ಅವನಿಗೂ ಟಾರ್ಗೆಟ್ ಇರುತ್ತೆ, ಪಾಪ.

ಅವರು ಮೊದಲು ಕೇಳಿದ್ದು ಸೆಟಲ್ಮೆಂಟು. 80,000 ಒಟ್ಟಿಗೆ ಕಟ್ಟಿ ಮುಗಿಸಿ ಅಂತ. ಎಲ್ಲಿಂದ ತರಲಿ? ತಂದ್ರೂ ಕ್ರೆಡಿಟ್ ರಿಪೋರ್ಟಿನಲ್ಲಿ "ಸೆಟಲ್ಡ್" ಅಂತ ಉಳಿಯುತ್ತೆ, "ಕ್ಲೋಸ್ಡ್" ಅಂತ ಅಲ್ಲ. ಮುಂದೆ ಸಾಲ ಕೊಡೋರು ಅದನ್ನು ನೋಡೇ ನೋಡ್ತಾರೆ. ಬೇಡ ಅಂದೆ. ಹನ್ನೆರಡನೇ ತಾರೀಖು ಲೀನ್ ಇಳಿಯಿತು. 15,000 ಅವರಿಗೆ ಹೋಯ್ತು, ಉಳಿದ 97,000ಕ್ಕೆ ಹದಿನೆಂಟು ಕಂತು. ಕಂತಿನ ಬಡ್ಡಿಯೂ ಧರ್ಮಕ್ಕೇನಲ್ಲ, ಆದ್ರೆ 42 ಅಲ್ಲ.

ಅಷ್ಟರಲ್ಲಿ ಒಂದು ತಪ್ಪು ಆಗಿತ್ತು. ಖಾತೆ ಸ್ತಬ್ಧವಾಗಿದ್ದಾಗಲೂ ಅದಕ್ಕೆ ಕಟ್ಟಿದ್ದ ಆಟೋ ಡೆಬಿಟ್‌ಗಳು ತಮ್ಮ ಪಾಡಿಗೆ ಬಡೀತಾನೇ ಇದ್ವು. ಎಸ್‌ಐಪಿ ಒಂದು, ಅಪ್ಪನ ಇನ್ಶೂರೆನ್ಸ್ ಒಂದು. ಎರಡೂ ಬೌನ್ಸ್, ಎರಡಕ್ಕೂ ದಂಡ. ಲೀನ್ ಬಿತ್ತು ಅಂತ ಗೊತ್ತಾದ ದಿನವೇ ಅವನ್ನು ನಿಲ್ಲಿಸಿ ಅಥವಾ ಬೇರೆ ಖಾತೆಗೆ ತಿರುಗಿಸಿ. ಇನ್ಶೂರೆನ್ಸಿನ ಕಂತನ್ನು ನಾನು ಗ್ರೇಸ್ ಅವಧಿಯ ಕೊನೇ ದಿನ ಕಟ್ಟಿದೆ, ಕೈ ನಡುಗ್ತಿತ್ತು.

ಮುಂದಿನ ತಿಂಗಳ ಸಂಬಳ ತಿಪಟೂರಿನ ಖಾತೆಗೆ ಬಂತು. ಪಾಸ್‌ಬುಕ್ಕಿನಲ್ಲಿ ಎರಡು ಜಡೆ ಹಾಕಿದ ನನ್ನ ಫೋಟೋ, ಕೊನೇ ಎಂಟ್ರಿ ಸ್ಕಾಲರ್‌ಶಿಪ್ಪಿನದು, ಅದರ ಕೆಳಗೆ ಇದು. ಮೊದಲು ಕಂತಿಗೆ ಹಣ ಕಳಿಸಿದೆ, ಆಮೇಲೆ ಗೆಳತಿಯ 5,000. ದರ್ಶಿನಿಯಲ್ಲಿ ವಡೆ ತಗೊಳ್ಳಲಿಲ್ಲ, ಬರೀ ಇಡ್ಲಿ. ಸೌಂಡ್ ಬಾಕ್ಸ್ ಜೋರಾಗಿ ಕೂಗ್ತು.

ಸಂಜೆ ಅಮ್ಮ ಕೇಳಿದಳು, ಸಂಬಳ ಬಂತೇನೇ ಅಂತ. ಕೂತ್ಕೊಂಡಿದ್ದೀಯಾ ಅಮ್ಮ, ಸ್ವಲ್ಪ ಹೊತ್ತಾಗುತ್ತೆ ಹೇಳೋಕೆ, ಅಂದೆ.