ಕಾವಿನ ಹದ

ತುಂಗಭದ್ರೆಯ ದಡದ ಚೀಕಲಪರ್ವಿಯಿಂದ ಕಾವೇರಿ ಹುಟ್ಟುವ ತಲಕಾವೇರಿಯವರೆಗೆ ಕನ್ನಡನಾಡಿನ ಊಟದ ಬಗೆಗಳು ಎಷ್ಟೋ! ಒಂದೆಡೆ ಜೋಳದ ರೊಟ್ಟಿ, ಇನ್ನೊಂದೆಡೆ ಅಕ್ಕಿಯ ಕಡುಬು. ಒಂದು ಮನೆಯಲ್ಲಿ ಈರುಳ್ಳಿಯೂ ನಿಷಿದ್ಧ, ಇನ್ನೊಂದರಲ್ಲಿ ಹಂದಿಯ ಮಾಂಸವಿಲ್ಲದೆ ಹಬ್ಬವೇ ಇಲ್ಲ. ಆದರೂ ಒಲೆಯ ಧರ್ಮ ಎಲ್ಲೆಡೆಯೂ ಒಂದೇ. ಕುಳ್ಳಿನ ಮಂದವಾದ ಕಾವಿನ ಮೇಲೆ ಹಗಲೆಲ್ಲ ಕುಳಿತ ಹಾಲು ಕೆನೆಗಟ್ಟಿ ಕೆಂಪೇರುವುದನ್ನು ಕಂಡವರಿಗೆ ಕೊಡಗಿನ ಪಂದಿ ಕರಿಯ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಡವರ ಕೈಲ್‌ಪೊಳ್ದ್ ಆಯುಧಗಳ ಹಬ್ಬ. ಗದ್ದೆಯ ನಾಟಿ ಮುಗಿದ ಮೇಲೆ, ಹೆಚ್ಚಿನ ಕಡೆಗಳಲ್ಲಿ ಸೆಪ್ಟೆಂಬರ್ 3ರಂದು, ಕೋವಿ ಕತ್ತಿಗಳನ್ನು ತೊಳೆದು ಒರೆಸಿ, ಕೆಂಪು ಹಳದಿಯ ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಮಳೆಯಲ್ಲಿ ದುಡಿದು ದಣಿದ ಮೈಗೆ ಅಂದು ವಿಶ್ರಾಂತಿ. ಎಲೆಯ ಮೇಲೆ ಕಡಂಬುಟ್ಟು, ಅದರ ಪಕ್ಕದಲ್ಲಿ ಕಪ್ಪಗೆ ಮಿರುಗುವ ಪಂದಿ ಕರಿ. ಹಿಂದೆ ಈ ಮಾಂಸ ಕಾಡಿನಿಂದ ಬರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಾಡುಹಂದಿಯ ಬೇಟೆಗೆ ತಡೆಯಾಯಿತು. ಈಗ ಸಾಕಿದ ಹಂದಿಯೇ ಗತಿ. ಮಾಂಸ ಬದಲಾಯಿತು, ಮಸಾಲೆ ಬದಲಾಗಲಿಲ್ಲ.

ಬೆಂಗಳೂರಿಗೆ ಬಂದು ನೆಲೆಸಿದ ಒಂದು ಕೊಡವ ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಹಬ್ಬದ ದಿನ ಯಜಮಾನನ ಕಛೇರಿಗೆ ರಜೆಯಿಲ್ಲ, ಮಕ್ಕಳ ಶಾಲೆಗೂ ಇಲ್ಲ. ಗೃಹಿಣಿ ಸಂಜೆ ಅವಸರದಲ್ಲಿ ಕುಕ್ಕರನ್ನು ಒಲೆಗೇರಿಸುತ್ತಾಳೆ. ನಾಲ್ಕಾರು ಸಲ ಅದು ಕೂಗುತ್ತದೆ. ಮುಚ್ಚಳ ತೆಗೆದರೆ ಮಾಂಸ ಬೆಂದಿದೆ, ಸಂದೇಹವಿಲ್ಲ. ಆದರೆ ಕೊಬ್ಬು ಒಂದು ಕಡೆ, ನೀರು ಒಂದು ಕಡೆ, ಖಾರ ಮತ್ತೊಂದು ಕಡೆ. ಮಕ್ಕಳು ಮರುಮಾತಿಲ್ಲದೆ ಉಣ್ಣುತ್ತಾರೆ. ಆ ಮೌನವೇ ಅವಳನ್ನು ಚುಚ್ಚುತ್ತದೆ. ಊರಿನ ಮನೆಯ ರುಚಿ ಹೇಗಿತ್ತೆಂಬುದೇ ಈ ಮಕ್ಕಳಿಗೆ ತಿಳಿಯದೆ ಹೋದರೆ, ಮುಂದೆ ಅವರು ಯಾವುದನ್ನು ನೆನೆದು ಹಬ್ಬ ಮಾಡಿಯಾರು?

ಇದಕ್ಕೆ ಪರಿಹಾರ ಕಠಿಣವಾದುದಲ್ಲ. ಚರ್ಮ ಕೊಬ್ಬುಗಳಿರುವ ಒಂದು ಕಿಲೋ ಮಾಂಸವನ್ನು ಅಂಗುಲದಷ್ಟು ತುಂಡುಗಳಾಗಿ ಕೊಯ್ದು, ಅರಿಸಿನ, ಉಪ್ಪು, ಮೆಣಸಿನಪುಡಿ ಸವರಿಡಬೇಕು. ಮೂರು ಈರುಳ್ಳಿ, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಅಂಗುಲದಷ್ಟು ಶುಂಠಿ, ನಾಲ್ಕು ಹಸಿಮೆಣಸಿನಕಾಯಿಗಳನ್ನು ತರಿತರಿಯಾಗಿ ಅರೆದು ಬೆರೆಸಿ, ಸ್ವಲ್ಪವೇ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆಯಾದರೂ ಬೇಯಿಸಬೇಕು. ಎಣ್ಣೆ ಬೇಕಿಲ್ಲ; ಕರಗುವ ಕೊಬ್ಬೇ ಸಾಕು. ಚರ್ಮ ಸ್ನಾಯುಗಳ ಗಡಸು ಅಂಶ ನಿಧಾನವಾದ ಕಾವಿನಲ್ಲಿ ಕರಗಿ ಸಾರಿಗೆ ಅಂಟು ಕೊಡುತ್ತದೆ. ಉರಿ ಜೋರಾದರೆ ಮಾಂಸದ ಎಳೆ ಬಿಗಿದು ಒಣಗುತ್ತದೆ. ಇತ್ತ ಎರಡು ದೊಡ್ಡ ಚಮಚ ಕೊತ್ತಂಬರಿಬೀಜ, ಒಂದೊಂದು ಚಮಚ ಜೀರಿಗೆ ಮತ್ತು ಕರಿಮೆಣಸು, ಅರ್ಧ ಚಮಚ ಸಾಸಿವೆ, ನಾಲ್ಕು ಕಾಳು ಮೆಂತ್ಯವನ್ನು ಕಪ್ಪಾಗುವ ಹಂತದವರೆಗೆ ಹುರಿದು ಪುಡಿ ಮಾಡಬೇಕು. ಕಪ್ಪಾಗಬೇಕು, ಸುಟ್ಟು ಕಹಿಯಾಗಬಾರದು. ಮಾಂಸ ಮೆತ್ತಗಾದ ಮೇಲೆ ಪುಡಿಯನ್ನೂ ಎರಡು ಚಮಚ ಕಾಚಂಪುಳಿಯನ್ನೂ ಸೇರಿಸಿ ಇನ್ನೂ ಕಾಲು ಗಂಟೆ ಒಲೆಯ ಮೇಲಿಟ್ಟರೆ ಆಯಿತು.

ಈ ಕಾಚಂಪುಳಿಯೂ ತಾಳ್ಮೆಯ ಮಗುವೇ. ಪಣಪುಳಿಯ ಮಾಗಿದ ಹಣ್ಣುಗಳನ್ನು ರಾಶಿ ಹಾಕಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಅದು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಅದಿಲ್ಲದಾಗ ಹುಣಿಸೆಹಣ್ಣನ್ನೋ ವಿನಿಗರನ್ನೋ ಹಾಕುವವರುಂಟು. ಹುಳಿ ಬರುತ್ತದೆ, ಕೊಡಗು ಬರುವುದಿಲ್ಲ.

ಹೊತ್ತೇ ಇಲ್ಲದವರಿಗೆ ಒಂದು ಉಪಾಯವುಂಟು. ಅಮೆರಿಕದಲ್ಲಿ 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೆಸರಿನಿಂದ ಪೇಟೆಗೆ ಬಂದ ವಿದ್ಯುತ್ತಿನ ಮಂದಗಾವಿನ ಪಾತ್ರೆ ಹಳೆಯ ಕೆಂಡದ ಕೆಲಸವನ್ನೇ ಮಾಡುತ್ತದೆ. ಬೆಳಗ್ಗೆ ಮಾಂಸ, ಅರೆದ ಮಸಾಲೆ ಹಾಕಿ ಕಡಿಮೆ ಕಾವಿನಲ್ಲಿಟ್ಟರೆ ಏಳೆಂಟು ಗಂಟೆಗಳಲ್ಲಿ ಬೆಂದಿರುತ್ತದೆ. ಆವಿ ಹೊರಗೆ ಹೋಗದ ಕಾರಣ ನೀರು ಇನ್ನೂ ಕಡಿಮೆ ಸಾಕು. ಹುರಿದ ಪುಡಿ, ಕಾಚಂಪುಳಿಗಳು ಮಾತ್ರ ಕಡೆಯ ಅರ್ಧ ಗಂಟೆಗೆ. ಹೇಗೆ ಮಾಡಿದರೂ ಒಂದು ಎಚ್ಚರ ಅವಶ್ಯ: ಹಂದಿಯ ಮಾಂಸ ಒಳಗಿನವರೆಗೆ ಚೆನ್ನಾಗಿ ಬೇಯಲೇಬೇಕು, ಅರೆಬೆಂದುದರಿಂದ ಲಾಡಿಹುಳುವಿನ ಭಯವುಂಟು.

ಮುಂದಿನ ವರ್ಷ ಆ ಗೃಹಿಣಿ ಬೆಳಗ್ಗೆಯೇ ಪಾತ್ರೆಯನ್ನು ಅಣಿಮಾಡಿ ಹೊರಟಳೆನ್ನೋಣ. ಸಂಜೆ ಬಾಗಿಲು ತೆರೆದ ಮಕ್ಕಳನ್ನು ಮೊದಲು ಎದುರುಗೊಳ್ಳುವುದು ಪರಿಮಳ. “ಅವ್ವಾ, ಇವತ್ತು ಏನು ಹಬ್ಬ?” ಎಂದು ಅವರು ಕೇಳುತ್ತಾರೆ. ಕೈಲ್‌ಪೊಳ್ದಿನ ಕಥೆ ಹೇಳಲು ಅವಳಿಗೆ ಅಷ್ಟು ಸಾಕು.