ಗಗನಮಹಲಿಗೂ ಒಂದು ಚಿತ್ರಸಂಪುಟ ಬೇಡವೇ?

ಹಂಪೆಯ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿದ್ದಿತೆಂಬುದನ್ನು ನಾನು ಅರಿತದ್ದು ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಿಂದ. ಮದ್ರಾಸು ಸೈನ್ಯದ ಆ ಅಧಿಕಾರಿ ಬಳಸಿದ್ದು ಮೇಣ ಸವರಿದ ಕಾಗದದ ನೆಗೆಟಿವ್. 1983ರಲ್ಲಿ ಜಾನ್ ಗೋಲಿಂಗ್ಸ್ ಅವೇ ತಾಣಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಉಳಿದುದೆಷ್ಟು, ಅಳಿದುದೆಷ್ಟು ಎಂಬುದು ಕಣ್ಣಿಗೆ ಕಟ್ಟಿತು.

1565ರ ಯುದ್ಧದ ತರುವಾಯ ವಿಜಯನಗರದ ಅರಸರಿಗೆ ರಾಜಧಾನಿಯಾದುದು ನಮ್ಮ ಪೆನುಕೊಂಡ. ಇಲ್ಲಿಯ ಗಗನಮಹಲು, ಕೋಟೆ, ಬಸದಿಗಳೆದುರು ತೆಗೆಸಿಕೊಂಡ ಹಳೆಯ ಚಿತ್ರಗಳಲ್ಲಿ ನಾವು ಬಂಧುಗಳ ಮುಖವನ್ನಷ್ಟೇ ಹುಡುಕುತ್ತೇವೆ. ಅವರ ಹಿಂದಿನ ಗೋಡೆಯೂ ಚರಿತ್ರೆಯ ಸಾಕ್ಷಿಯಲ್ಲವೇ? ಹಿರಿಯ ವಿದ್ಯಾರ್ಥಿಗಳು ಅಂತಹ ಚಿತ್ರಗಳ ಪ್ರತಿಗಳನ್ನು ಇಸವಿ ಬರೆದು ಶಾಲೆಗೆ ಒಪ್ಪಿಸಲಿ. ಮಕ್ಕಳು ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಹೊಸ ಚಿತ್ರ ತೆಗೆಯಲಿ. ಸುವರ್ಣ ಮಹೋತ್ಸವದ ಸಾರ್ಥಕ ಕಾಣಿಕೆ ಇದೇ ಎಂದು ನನ್ನ ನಂಬಿಕೆ.